ಅರ್ಧ ಪದ

ಬರ್ನ್ಲಿ ಪುರಸಭೆಯ ನೆಲಮಾಳಿಗೆಯಲ್ಲಿ
ಆರು ಸರ್ವರು; ಮೇಲೆ ನಾಲ್ಕು ಮಹಡಿ,
ನಾನೂರ ಹನ್ನೆರಡು ಮೇಜು.
ಮೇಜಿನ ಮೇಲಿರುವುದನ್ನು ಕಂಪ್ಯೂಟರೆನ್ನಲು ನಾಚಿಕೆ,
ಊಟದ ಡಬ್ಬಿಯಷ್ಟು ಗಾತ್ರ:
ಡಿಸ್ಕಿಲ್ಲ, ಫ್ಯಾನಿಲ್ಲ, ನೆನಪಿಲ್ಲ.
ಬೆಳಿಗ್ಗೆ ಎದ್ದೊಡನೆ ತಂತಿಯುದ್ದಕ್ಕೂ ಕೂಗಿ
ನಾನು ಯಾರು ಎಂದು ಕೇಳುತ್ತದೆ.
ಕೆಳಗಿನಿಂದ ನಾನು ಹೇಳಿ ಕಳಿಸುತ್ತೇನೆ.

ಒಂದೇ ಒಲೆ, ನಾನೂರು ಎಲೆ.
ಬಡಿಸುವ ಕೈ ಕಾಣುವುದಿಲ್ಲ, ಅಷ್ಟೇ.

ಸ್ಟ್ಯಾನ್ಲಿ ಹ್ಯಾವರ್ತ್, ಕಟ್ಟಡದ ಕಾವಲುಗಾರ,
ಮೊದಲ ದಿನವೇ ನೋಡಿ ನಕ್ಕ:
ಇದರಲ್ಲಿ ಹೊಸತೇನು? ನಮ್ಮಮ್ಮ ನೇಯುತ್ತಿದ್ದ ಗಿರಣಿಯಲ್ಲಿ
ಒಂದೇ ಉಗಿಯಂತ್ರ, ಚಾವಣಿಯುದ್ದ ಒಂದೇ ಉಕ್ಕಿನ ದಂಡ,
ಅದರಿಂದಿಳಿದ ಚರ್ಮದ ಪಟ್ಟಿ ಮಗ್ಗಕ್ಕೊಂದು.
ದಂಡ ನಿಂತರೆ ಬೀದಿಗೆ ಬೀದಿಯೇ ಕೈಕಟ್ಟಿ ಕೂರುತ್ತಿತ್ತು.
ಸದ್ದಿಗೆ ಮಾತು ಕೇಳದೆ ಹೆಂಗಸರು
ಊರ ಸುದ್ದಿಯನ್ನೆಲ್ಲ ತುಟಿಯಲ್ಲೇ ಆಡುತ್ತಿದ್ದರಂತೆ.
ಫ್ಯಾನುಗಳ ಭೋರಿನಲ್ಲಿ ಅವನೂ ನನಗೆ ಹಾಗೇ,
ಬಾಯಗಲಿಸಿ, ಸದ್ದಿಲ್ಲದೆ: ಟೀ?

ಲೆಕ್ಕದ ಸಭೆಯಲ್ಲಿ ಕೇಳಿದರು: ಪರವಾನಗಿಗೆ ಎಷ್ಟು?
ಸೊನ್ನೆ, ಎಂದೆ.
ಸೊನ್ನೆಯನ್ನು ಯಾರೂ ನಂಬಲಿಲ್ಲ.
ಬಿಟ್ಟಿ ಬಂದದ್ದರಲ್ಲಿ ಹುಳವಿರಲೇಬೇಕೆಂದು
ಕೌನ್ಸಿಲರ್ ಪಿಲ್ಕಿಂಗ್ಟನ್ ಕನ್ನಡಕ ಒರೆಸಿಕೊಂಡರು.
ಇದೆ, ಎಂದೆ. ಕಂಡವರು ಹೆಕ್ಕಬಹುದು.
ಅಕ್ಕಿ ಮೊರದಲ್ಲೇ ಇದೆ, ಚೀಲದ ಬಾಯಿ ಹೊಲಿದಿಲ್ಲ.

ಹೋದ ವರ್ಷ ಹಾಗೊಂದನ್ನು ಹೆಕ್ಕಿದವನು
ಎಸ್ಟೋನಿಯಾದಲ್ಲಿ ಯಾರೋ; ಹೆಸರು ಗೊತ್ತು, ಮುಖ ಗೊತ್ತಿಲ್ಲ.
ಅವನ ಹದಿನೇಳು ಸಾಲಿನ ಪುಣ್ಯದಿಂದ
ನಮ್ಮ ಪ್ರಿಂಟರುಗಳು ನಡುರಾತ್ರಿ
ಖಾಲಿ ಹಾಳೆ ಉಗುಳುವುದನ್ನು ಬಿಟ್ಟವು.

ಸೋಮವಾರ, ಒಂಬತ್ತು ಗಂಟೆ ಎರಡು ನಿಮಿಷ:
ನಾನೂರು ಜನ ಒಟ್ಟಿಗೆ ಬಾಗಿಲು ತಟ್ಟುವ ಹೊತ್ತು.
ಗ್ರಾಫು ಹಾಲಿನಂತೆ ಉಕ್ಕುತ್ತದೆ,
ಊದುತ್ತ ನಿಂತಿರುತ್ತೇನೆ.

ಹೇಳಹೊರಟದ್ದು ಅದಲ್ಲ.

ನಾಲ್ಕನೇ ಸರ್ವರಿನಲ್ಲಿ ಒಂದು ಸೆಷನ್.
ಮ್ಯೂರಿಯಲ್ ಎಂಟ್ವಿಸಲ್, ವಸತಿ ವಿಭಾಗ.
ಊಟಕ್ಕೆಂದು ಎದ್ದವಳು ಲಾಗೌಟ್ ಮಾಡಿರಲಿಲ್ಲ;
ಹೊರಗೆ ಮಂಜುಗಟ್ಟಿದ ಮೆಟ್ಟಿಲು, ಜಾರಿ ಸೊಂಟ ಮುರಿಯಿತು.
ಅವಳ ಡಬ್ಬಿಯನ್ನು ಬೇರೆಯವರಿಗೆ ಕೊಟ್ಟಾಯಿತು,
ಮೇಜನ್ನೂ.
ಸೆಷನ್ ಮಾತ್ರ ನನ್ನ ಪಟ್ಟಿಯಲ್ಲಿ
ದಿನ ಹದಿನಾಲ್ಕು, ದಿನ ಮೂವತ್ತು,
ಬೂದಿ ಮುಚ್ಚಿದ ಕೆಂಡದ ಹಾಗೆ ಉಳಿದೇ ಇತ್ತು.

ಇನ್ನೊಬ್ಬರ ಪರದೆ ನೋಡಬಾರದು. ನಿಯಮ ಬರೆದವನು ನಾನೇ.
ಒಮ್ಮೆ ನೋಡಿದೆ.
ಯಾರಿಗೋ ಪತ್ರ: ಮಲಗುವ ಕೋಣೆ, ಮಗುವಿನ ಕೆಮ್ಮು,
ಮೂರನೇ ದೂರು. ನಿಮ್ಮ ಗೋಡೆಯ ಎಂದಾದ ಮೇಲೆ
ಇಂಗ್ಲಿಷಿನ ಒಂದು ಅರ್ಧ ಪದ; ನನ್ನ ತಲೆಯೊಳಗೆ ಅದು
ಕನ್ನಡವಾಗಿ 'ತೇ' ಎಂದು ನಿಂತಿತು.
ತೇವವೋ, ತೇಪೆಯೋ.
ಕರ್ಸರು ಕಣ್ಣು ಮಿಟುಕಿಸುತ್ತಿತ್ತು.

ಮೇಲೆ ಹೋಗಿ ರುಖ್ಸಾನಾಳ ಕಿವಿಗೆ ಹಾಕಿದೆ.
ಹತ್ತು ದಿನದಲ್ಲಿ ಗೋಡೆ ಕೆರೆದು ಹೊಸ ಗಾರೆ ಬಿತ್ತು.
ಪತ್ರಕ್ಕಿನ್ನು ಕೆಲಸವಿಲ್ಲ. ಕೊಲ್ಲಬಹುದಿತ್ತು,
ಒಂದು ಆಜ್ಞೆ, ಒಂದು ಸಂಖ್ಯೆ.
ಕರ್ನಲ್ ಬದಲಿಸಬೇಕು, ಎಲ್ಲವನ್ನೂ ಆರಿಸಿ ಹಚ್ಚಬೇಕು.
ಭಾನುವಾರ ಬಂತು. ಮುಂದಿನ ಭಾನುವಾರ, ಎಂದೆ.
ಐದು ಸಲ ದಿನಚರಿಯಲ್ಲಿ ಬರೆದೆ: ತಾಂತ್ರಿಕ ಕಾರಣ.

ಅರವತ್ತೊಂದನೇ ದಿನ ಕೋಲೂರಿಕೊಂಡು ಬಂದಳು,
ಬೇರೆ ಮಹಡಿ, ಬೇರೆ ಮೇಜು. ಕಾರ್ಡು ಚುಚ್ಚಿದಳು.
ಪಟ್ಟಿಯ ಆ ಸಾಲು ಕೂದಲೆಳೆಯಷ್ಟು ಅಲುಗಿತು.
ಪದವನ್ನು ಮುಗಿಸಿದಳೋ, ಅಳಿಸಿದಳೋ,
ಈ ಸಲ ನೋಡಲಿಲ್ಲ.
ಐದೂ ಹತ್ತಕ್ಕೆ ಲಾಗೌಟ್.

ಭಾನುವಾರ ಆರನ್ನೂ ನಿಲ್ಲಿಸಿದೆ.
ಒಂದು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ
ನನ್ನ ಗಡಿಯಾರದ ಸದ್ದು ನನಗೇ ಕೇಳಿತು.
ಬಾಗಿಲಲ್ಲಿ ಸ್ಟ್ಯಾನ್ಲಿ. ಅಷ್ಟು ಮೌನದಲ್ಲೂ,
ರೂಢಿಯಂತೆ, ಬರೀ ತುಟಿಯಲ್ಲಿ:
ಟೀ?